ಅಟ್ಯಾಚ್‌ಮೆಂಟಿನೊಳಗೆ ಸಿಕ್ಕಿಕೊಂಡ ಕನ್ನಡ

ಸುಬ್ರಹ್ಮಣ್ಯಪುರದ ನಮ್ಮ ಬಡಾವಣೆಯಲ್ಲಿ ‘ನಾಳೆ ನೀರು ಬರಲ್ಲ’ ಅನ್ನೋ ಒಂದೇ ಸಾಲಿನ ಸುದ್ದಿಯೂ ಈಮೇಲಿಗೆ ವರ್ಡ್ ಫೈಲಾಗಿ ಬರುತ್ತೆ. ಅದೂ ಹಳೆಯ ನುಡಿ ಫಾಂಟಿನಲ್ಲಿ. ಮೊಬೈಲಲ್ಲಿ ತೆರೆದರೆ ಕನ್ನಡದ ಬದಲು ಕೊಂಬು ಬಾಲ ಹಚ್ಚಿಕೊಂಡ ಇಂಗ್ಲಿಷ್ ಅಕ್ಷರಗಳು!

ಇದು ಈಮೇಲಿನ ತಪ್ಪಲ್ಲ. ಒಳಗಿರೋದು ಎಂಥ ಫೈಲು ಅಂತ ಚೀಟಿ ಅಂಟಿಸೋ ಮೈಮ್ ನಿಯಮ 1992ರಲ್ಲೇ ಬಂತು. ಯುನಿಕೋಡಿನಲ್ಲಿ ಕನ್ನಡಕ್ಕೆ 1991ರಿಂದಲೇ ಜಾಗವಿದೆ. ಹಳೆಯ ಫಾಂಟು ಮಾತ್ರ ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೇ ಕನ್ನಡದ ವೇಷ ಕಟ್ಟುತ್ತೆ. ಫಾಂಟಿಲ್ಲದ ಕಡೆ ವೇಷ ಕಳಚುತ್ತೆ. ಚೀಟಿ ‘ವರ್ಡ್ ಫೈಲು’ ಅನ್ನುತ್ತೆ, ಒಳಗಿನ ವೇಷದ ಸುದ್ದಿ ಅದಕ್ಕೆ ಗೊತ್ತಿಲ್ಲ. ‘ನೀರು’ ಅಂತ ಹುಡುಕಿದರೂ ಆ ಮೇಲ್ ಸಿಗಲ್ಲ.

ಈಗ ನುಡಿಯಲ್ಲೇ ಯುನಿಕೋಡ್ ಇದೆ. ಅದರಲ್ಲಿ ಟೈಪ್ ಮಾಡಿ, ನೇರವಾಗಿ ಮೇಲ್‌ನಲ್ಲೇ ಬರೆಯಿರಿ. ನಮ್ಮೂರಲ್ಲಿ ಡಂಗುರ ಸಾರುವವರು ಸುದ್ದಿಯನ್ನ ಪೆಟ್ಟಿಗೆಗೆ ಹಾಕಿ ಬೀಗ ಜಡಿದು ಹಂಚುತ್ತಿರಲಿಲ್ಲ.