ಬಿಲ್ಲಿನ ಬೆನ್ನ ಮೇಲಿನ ಆರು ಸಾಲು

ನಮ್ಮ ಹಳೆಯ 1.2 ಲೀಟರ್ ಪೆಟ್ರೋಲ್ ಕಾರಿಗೆ ಮನೆಯಲ್ಲೇ ‘ಕೋಲ್ಡ್ ಏರ್ ಇನ್‌ಟೇಕ್’ ಮಾಡುತ್ತೇನೆಂದು ಅಕ್ಕನ ಮಗ ಹಟ ಹಿಡಿದಿದ್ದ. ರಾಜಾಜಿನಗರ ಇಂಡಸ್ಟ್ರಿಯಲ್ ಏರಿಯಾ ಕಡೆಯ ನಮ್ಮ ಮೆಕ್ಯಾನಿಕ್ ವಾದಕ್ಕೆ ಇಳಿಯಲಿಲ್ಲ, ಬಿಲ್ಲು ತಿರುಗಿಸಿ ಆರು ಸಾಲು ಬರೆದುಕೊಟ್ಟರು. ಆರು ಸಾಲಿದ್ದ ಮಾತ್ರಕ್ಕೆ ಷಟ್ಪದಿಯಾಗುವುದಿಲ್ಲ, ಆದಿಪ್ರಾಸವೂ ಇಲ್ಲ. ಆದರೆ ಮಾತು ಬಿಗಿಯಾಗಿತ್ತು, ಟೀಕು ಬೇಕಾಯಿತು.

‘1. ಬಿಸಿಗಾಳಿ ಕುಡಿದ ಗಾಡೀಗೆ ಪಿಕಪ್ ಇರಲ್ಲ.’

‘ಕುಡಿದ’ ಎಂಬುದು ಅಲಂಕಾರವಲ್ಲ. ಆಕ್ಸಿಲರೇಟರ್ ಪೂರ್ತಿ ಒತ್ತಿ 3,000 ಆರ್‌ಪಿಎಂನಲ್ಲಿ ಓಡುವ 1.2 ಲೀಟರ್ ಇಂಜಿನ್ ನಿಮಿಷಕ್ಕೆ ಹೆಚ್ಚುಕಮ್ಮಿ 1,800 ಲೀಟರ್ ಗಾಳಿ ಎಳೆಯುತ್ತದೆ. ನೀರು ತುಂಬಿಡುವ 200 ಲೀಟರ್ ಡ್ರಮ್ಮಿನ ಲೆಕ್ಕದಲ್ಲಿ ಒಂಬತ್ತು ಡ್ರಮ್ಮು. ಆದರೆ ಇಂಜಿನ್‌ಗೆ ಬೇಕಾದದ್ದು ಗಾಳಿಯ ಅಳತೆಯಲ್ಲ, ತೂಕ: ಒಂದು ಗ್ರಾಂ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಹೊರಗೆ 33 ಡಿಗ್ರಿ ಇದ್ದು ಬಾನೆಟ್ ಒಳಗೆ 63 ಆಗಿದ್ದರೆ, ಅದೇ ಡ್ರಮ್ಮಿನ ಗಾಳಿ ನೂರಕ್ಕೆ ಒಂಬತ್ತು ಪಾಲು ಹಗುರ. ಹಾವನೂರು ಸರ್ಕಲ್ಲಿನ ಸಿಗ್ನಲ್ಲಿನಲ್ಲಿ ಏಪ್ರಿಲ್ ಮಧ್ಯಾಹ್ನ ನಿಂತವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. ಸಾಲದ್ದಕ್ಕೆ ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ. ಮಂಗಳೂರಿನ ಕಾರಿಗೆ ಸಿಗುವುದರಲ್ಲಿ ಹತ್ತನೇ ಒಂದು ಪಾಲನ್ನು ನಮ್ಮ ಕಾರು ಹುಟ್ಟಿನಿಂದಲೇ ಕಳೆದುಕೊಂಡಿರುತ್ತದೆ.

ಗಮನಿಸಿ, ಬರೆದಿರುವುದು ‘ಪಿಕಪ್’, ‘ಮೈಲೇಜ್’ ಅಲ್ಲ. ಅರ್ಧ ಒತ್ತಿದ ಆಕ್ಸಿಲರೇಟರಿನಲ್ಲಿ ಥ್ರಾಟಲ್ಲೇ ಗಾಳಿಯನ್ನು ತಡೆದು ನಿಲ್ಲಿಸಿರುತ್ತದೆ. ತಂಪುಗಾಳಿಯ ಲಾಭ ಕಾಣುವುದು ಪೂರ್ತಿ ಒತ್ತಿದಾಗ ಮಾತ್ರ. ಗಾಳಿ ತುಂಬ ಬಿಸಿಯಾದರೆ ಕಂಪ್ಯೂಟರು ಇಗ್ನಿಷನ್ ಟೈಮಿಂಗನ್ನೂ ಹಿಂದಕ್ಕೆ ಎಳೆದು ಇಂಜಿನ್ ಬಡಿಯದಂತೆ ಕಾಯುತ್ತದೆ. ಪಿಕಪ್ ಆಗಲೂ ಬೀಳುತ್ತದೆ. ಮೈಲೇಜ್ ಹೆಚ್ಚುತ್ತದೆಂದು ಕಿಟ್ ಮಾರುವವರ ಮಾತನ್ನು ಈ ಸಾಲು ಸುಮ್ಮನೆ ಬಿಟ್ಟುಬಿಟ್ಟಿದೆ.

‘2. ಕಂಪ್ನಿ ಸೊಂಡ್ಲು ಮೊದ್ಲು ನೋಡಿ, ಅಂಗ್ಡಿ ಆಮೇಲೆ.’

ಇಡೀ ಬರಹದ ಜೀವ ಇಲ್ಲಿದೆ. ಸೊಂಡಿಲೆಂದರೆ ಏರ್ ಫಿಲ್ಟರ್ ಡಬ್ಬದಿಂದ ಹೊರಟು ಗ್ರಿಲ್ಲಿನ ಹಿಂದೆಯೋ ಹೆಡ್‌ಲೈಟಿನ ಪಕ್ಕದಲ್ಲೋ ಬಾಯಿ ತೆರೆಯುವ ಕಪ್ಪು ಪ್ಲಾಸ್ಟಿಕ್ ಕೊಳವೆ. ರೇಡಿಯೇಟರಿನ ಶಾಖ ತಾಗುವ ಮೊದಲೇ ಹೊರಗಿನ ಗಾಳಿ ಹಿಡಿಯುವುದು ಅದರ ಕೆಲಸ. ಅಂದರೆ ಹುಡುಗ ಮನೆಯಲ್ಲಿ ಮಾಡಹೊರಟಿದ್ದನ್ನು ಕಂಪನಿ ಮೊದಲೇ ಮಾಡಿ ಕೊಟ್ಟಿದೆ. ಅದು ಕೆಡುವುದು ನಮ್ಮಿಂದ. ಬಂಪರ್ ಟಿಂಕರಿಂಗ್ ಆದಮೇಲೆ ಸೊಂಡಿಲನ್ನು ಸರಿಯಾಗಿ ಕೂರಿಸುವುದಿಲ್ಲ, ಕ್ಲಿಪ್ಪು ಮುರಿದಿರುತ್ತದೆ, ಬಾಯಿ ರೇಡಿಯೇಟರ್ ಫ್ಯಾನಿನ ಕಡೆ ತಿರುಗಿರುತ್ತದೆ. ಇನ್ನು ಬೀದಿಯಲ್ಲಿ ನಿಲ್ಲುವ ಕಾರಿಗೆ ಇಲಿ. ನಮ್ಮ ಡಬ್ಬ ಬಿಚ್ಚಿದಾಗ ಸಿಕ್ಕಿದ್ದು ತೆಂಗಿನ ನಾರು ಮತ್ತು ಒಂದು ಹಿಡಿ ಕಡ್ಲೆಕಾಯಿ ಸಿಪ್ಪೆ. ಬಸವೇಶ್ವರನಗರದ ಇಲಿ ಸುಖವಾಗಿಯೇ ಸಂಸಾರ ಮಾಡಿತ್ತು.

‘3. ಡಬ್ಬ ಕಿತ್ತು ಕೋನ್ ಹಾಕಿದ್ರೆ ಸದ್ದು ಬರುತ್ತೆ, ತಣ್ಣನೆ ಗಾಳಿ ಬರಲ್ಲ.’

ಬಾನೆಟ್ ಒಳಗೆ ಬತ್ತಲೆಯಾಗಿ ಕೂತ ಕೋನ್ ಫಿಲ್ಟರ್ ಎಳೆಯುವುದು ಎಗ್ಸಾಸ್ಟ್ ಮ್ಯಾನಿಫೋಲ್ಡ್ ಕಾಯಿಸಿದ ಗಾಳಿಯನ್ನೇ. ಹೆಸರು ತಂಪು, ಕೆಲಸ ಬಿಸಿ. ಸದ್ದು ಮಾತ್ರ ನಿಜ. ಸೊಂಡಿಲಿಗೆ ಅಂಟಿಕೊಂಡ ಖಾಲಿ ಪೆಟ್ಟಿಗೆ, ರೆಸೊನೇಟರ್, ಗಾಳಿ ಎಳೆಯುವ ಗೊರಗೊರವನ್ನು ನುಂಗುತ್ತದೆ. ಅದು ಹೋದರೆ ಇಂಜಿನ್ ಗುಟುರು ಹಾಕುತ್ತದೆ, ಕಿವಿ ಅದನ್ನು ಶಕ್ತಿಯೆಂದು ನಂಬುತ್ತದೆ. ಕೈ ಸುಮ್ಮನಿರದವರು ಡಬ್ಬ ಬಿಡದೆ, ಅದಕ್ಕೂ ಎಗ್ಸಾಸ್ಟಿಗೂ ನಡುವೆ ಅಲ್ಯೂಮಿನಿಯಂ ತಗಡು ಬಗ್ಗಿಸಿ ನಿಲ್ಲಿಸಬಹುದು. ವೈರಿಗೋ ಬೆಲ್ಟಿಗೋ ತಾಗದಿದ್ದರೆ ಸಾಕು. ಪ್ಲಂಬಿಂಗ್ ಪಿವಿಸಿ ಪೈಪಿನ ಜಾಣತನ ಬೇಡ. 80 ಡಿಗ್ರಿ ಆಸುಪಾಸಿನಲ್ಲಿ ಅದು ಮೆತ್ತಗಾಗುತ್ತದೆ.

‘4. ಬಾಯಿ ಕೆಳಗಿಡ್ಬೇಡಿ, ಮಳೆ ಬರುತ್ತೆ.’

ಅತಿ ತಂಪಾದ ಜಾಗ ಬಂಪರಿನ ಕೆಳಗೆ, ಫಾಗ್ ಲ್ಯಾಂಪಿನ ಹತ್ತಿರ. ಆಸೆ ಸಹಜವೇ. ಆದರೆ ಜೋರು ಮಳೆಗೆ ವೃಷಭಾವತಿಯ ಪಕ್ಕದ ಮೈಸೂರು ರಸ್ತೆಯೇ ಹೊಳೆಯಾಗುವುದನ್ನು ಕೆಂಗೇರಿ ಕಡೆಯವರು ಕಂಡಿದ್ದಾರೆ. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗದು. ಸಿಲಿಂಡರಿಗೆ ನೀರು ಹೊಕ್ಕರೆ ಪಿಸ್ಟನ್ ಗಕ್ಕನೆ ನಿಂತು ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ನೀರಲ್ಲಿ ಇಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡಬೇಡಿ.

‘5. ಫಿಲ್ಟರ್ ಒರಿಜಿನಲ್, ಕ್ಲಾಂಪ್ ಟೈಟ್, ಎಣ್ಣೆ ಬೇಡ.’

ಎಣ್ಣೆ ಹಚ್ಚುವ ಹತ್ತಿ ಫಿಲ್ಟರಿನಲ್ಲಿ ಎಣ್ಣೆ ಹೆಚ್ಚಾದರೆ, ಗಾಳಿ ಅಳೆಯುವ ಸೆನ್ಸರ್ ಇರುವ ಕಾರುಗಳಲ್ಲಿ ಅದು ಸೆನ್ಸರಿಗೆ ಮೆತ್ತಿ ಲೆಕ್ಕ ತಪ್ಪಿಸುತ್ತದೆ. ಕ್ಲಾಂಪ್ ಸಡಿಲವಿದ್ದರೆ ಧೂಳು ಫಿಲ್ಟರ್ ತಪ್ಪಿಸಿ ಒಳನುಗ್ಗಿ ಸಿಲಿಂಡರ್ ಗೀರುತ್ತದೆ. ನಾಗರಭಾವಿ ರಿಂಗ್ ರೋಡಿನ ಧೂಳಿಗೆ ಮ್ಯಾನ್ಯುಯಲ್ ಹೇಳಿದ್ದಕ್ಕಿಂತ ಮೊದಲೇ ಫಿಲ್ಟರ್ ಬದಲಿಸುವುದು ಲೇಸು.

‘6. ಆರ್‌ಟಿಒ ಹತ್ರಾನೇ ಇದೆ.’

ಕೆಎ-02, ರಾಜಾಜಿನಗರದ್ದು. ವ್ಯಂಗ್ಯವಿದ್ದರೂ ಹುರುಳಿದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಮಾರ್ಪಾಟಿಗೆ ಕಡಿವಾಣ ಹಾಕುತ್ತದೆ. 2019ರ ತಿದ್ದುಪಡಿಯ ಪ್ರಕಾರ ಅಕ್ರಮ ಮಾರ್ಪಾಟು ಒಂದೊಂದಕ್ಕೂ ಮಾಲೀಕನಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಕಾಗದದ ಫಿಲ್ಟರ್ ಬದಲಿಸುವುದು ರಿಪೇರಿ. ಗಾಳಿಯ ದಾರಿಯನ್ನೇ ಬದಲಿಸಿದರೆ ಮಾರ್ಪಾಟೆಂದು ಪ್ರಶ್ನೆ ಬರಬಹುದು.

ಬಿಲ್ಲಿನ ಮುಂಭಾಗದಲ್ಲಿ ಇದ್ದದ್ದು: ಒಂದು ಏರ್ ಫಿಲ್ಟರ್, ಎರಡು ಕ್ಲಿಪ್ಪು, ಲೇಬರ್. ಇಲಿಯ ಗೂಡು ತೆಗೆದದ್ದಕ್ಕೆ ದುಡ್ಡು ಹಾಕಿರಲಿಲ್ಲ.