‘ಸ್ಟೀಮ್‌ಬಾಯ್’ ಮತ್ತು ನಮ್ಮ ಪ್ರೇಕ್ಷಕರು

‘ನೋಡಲು ಸೊಗಸಾಗಿದೆ, ಆದರೆ ಕಥೆಯಲ್ಲಿ ಹುರುಳಿಲ್ಲ.’ ಜಪಾನಿನ ಕತ್ಸುಹಿರೊ ಒಟೊಮೊ ಅವರ ‘ಸ್ಟೀಮ್‌ಬಾಯ್’ ಚಿತ್ರದ ವಿಷಯದಲ್ಲಿ ಇಪ್ಪತ್ತು ವರ್ಷಗಳಿಂದ ಈ ಒಂದೇ ಮಾತು ದೇಶ ದೇಶಗಳಲ್ಲಿ ಸುತ್ತುತ್ತಿದೆ. 2004ರ ಜುಲೈ 17ರಂದು ಜಪಾನಿನಲ್ಲಿ ತೆರೆಕಂಡ ಈ ಆನಿಮೇಷನ್ ಚಿತ್ರಕ್ಕೆ ಸುಮಾರು ಹತ್ತು ವರ್ಷಗಳ ದುಡಿಮೆ, 1,80,000 ರೇಖಾಚಿತ್ರಗಳು, 240 ಕೋಟಿ ಯೆನ್ ಹಣ ಸಂದಿವೆ. ಅಂದಿನವರೆಗೆ ಜಪಾನಿನಲ್ಲಿ ತಯಾರಾದ ಆನಿಮೇಷನ್ ಚಿತ್ರಗಳಲ್ಲಿ ಇಷ್ಟು ವೆಚ್ಚದ್ದು ಬೇರೊಂದಿರಲಿಲ್ಲ. ಇಷ್ಟೆಲ್ಲ ಮಾಡಿ ಬೆಟ್ಟ ಅಗೆದು ಇಲಿ ಹಿಡಿದರೆಂಬುದೇ ಕೊನೆಯ ತೀರ್ಪಾದರೆ, ಆ ತೀರ್ಪನ್ನೂ ಒಮ್ಮೆ ತಕ್ಕಡಿಗೆ ಹಾಕಿ ನೋಡುವುದು ನ್ಯಾಯ.

ಈ ಜಾತಿಯ ಕೃತಿಗಳಿಗೆ ‘ಸ್ಟೀಮ್‌ಪಂಕ್’ ಎಂದು ಹೆಸರು. 1987ರಲ್ಲಿ ಅಮೆರಿಕದ ಕಾದಂಬರಿಕಾರ ಕೆ. ಡಬ್ಲ್ಯು. ಜೀಟರ್ ಪತ್ರಿಕೆಯೊಂದಕ್ಕೆ ಬರೆದ ಕಾಗದದಲ್ಲಿ ಅರ್ಧ ವಿನೋದಕ್ಕೆಂದು ಈ ಪದವನ್ನು ಟಂಕಿಸಿದರು. ವಿದ್ಯುತ್ತೂ ಪೆಟ್ರೋಲೂ ಪಟ್ಟಕ್ಕೆ ಬಾರದೆ ಉಗಿಯೇ ಜಗತ್ತನ್ನು ಆಳುತ್ತ ಮುಂದುವರಿದಿದ್ದರೆ ಏನಾಗುತ್ತಿತ್ತು ಎಂಬ ಊಹೆಯೇ ಇದರ ಬೀಜ. ಜೂಲ್ಸ್ ವರ್ನ್, ಎಚ್. ಜಿ. ವೆಲ್ಸ್ ಇವರ ಕಾದಂಬರಿಗಳನ್ನು ಓದಿದ ವಾಚಕರಿಗೆ ಈ ಲೋಕ ತೀರ ಅಪರಿಚಿತವಲ್ಲ.

ಕಥೆ ಹೀಗಿದೆ. ಕಾಲ 1866, ಸ್ಥಳ ಇಂಗ್ಲೆಂಡು. ಮ್ಯಾಂಚೆಸ್ಟರಿನ ನೂಲಿನ ಗಿರಣಿಯಲ್ಲಿ ಯಂತ್ರಗಳ ರಿಪೇರಿ ಮಾಡುವ ಬಾಲಕ ರೇ. ಅವನ ಅಜ್ಜ ಲಾಯ್ಡ್, ತಂದೆ ಎಡ್ಡಿ ಇಬ್ಬರೂ ಯಂತ್ರವಿದ್ಯೆಯಲ್ಲಿ ನಿಸ್ಸೀಮರು. ಅಪಾರ ಒತ್ತಡದ ಉಗಿಯನ್ನು ಹಿಡಿದಿಡಬಲ್ಲ ಲೋಹದ ಗೋಲವೊಂದನ್ನು ಅಜ್ಜ ಮೊಮ್ಮಗನಿಗೆ ಕಳಿಸುತ್ತಾನೆ. ಅದನ್ನು ಕಸಿಯಲು ಓಹಾರಾ ಎಂಬ ಅಮೆರಿಕದ ಶಸ್ತ್ರವ್ಯಾಪಾರಿ ಸಂಸ್ಥೆಯವರು ಬೆನ್ನು ಹತ್ತುತ್ತಾರೆ. ಒಂದೇ ಗಾಲಿಯ ಉಗಿವಾಹನ, ರೈಲು, ವಾಯುನೌಕೆ ಎಂದು ಓಟ ಸಾಗಿ, ಕಥೆ ಲಂಡನ್ನಿನ ಮಹಾಪ್ರದರ್ಶನಕ್ಕೆ ಬಂದು ನಿಲ್ಲುತ್ತದೆ. ಅಲ್ಲಿ ಎಡ್ಡಿ ಕಟ್ಟಿರುವ ‘ಉಗಿಯ ಕೋಟೆ’ ಆಕಾಶಕ್ಕೇಳುತ್ತದೆ. ಪ್ರಯೋಗದ ಅಪಘಾತವೊಂದರಲ್ಲಿ ಮೈ ಬೆಂದು, ಅರ್ಧ ಯಂತ್ರವೇ ಆಗಿ ಬದುಕಿದ ಎಡ್ಡಿಗೆ ವಿಜ್ಞಾನವೆಂದರೆ ಶಕ್ತಿ. ಲಾಯ್ಡ್‌ಗೆ ಅದು ಜನರ ಸುಖದ ಸಾಧನ. ಇವರಿಬ್ಬರ ನಡುವೆ ನಿಂತ ಹುಡುಗ ಯಾರ ಮಾತನ್ನು ಕೇಳಬೇಕು?

ಪರದೇಶದ ವಿಮರ್ಶಕರ ಆಕ್ಷೇಪಣೆಗಳು ಮುಖ್ಯವಾಗಿ ಎರಡು. ಪಾತ್ರಗಳಿಗೆ ಒಳಬಾಳಿಲ್ಲ, ಕೊನೆಯ ಧ್ವಂಸಕಾಂಡ ಅತಿಯಾಗಿ ಬೆಳೆದಿದೆ ಎಂದು. ಆದರೆ ಅನೇಕರು ನೋಡಿದ್ದು ಇಂಗ್ಲಿಷ್ ಮಾತು ಜೋಡಿಸಿ ಸುಮಾರು 20 ನಿಮಿಷ ಕತ್ತರಿಸಿದ ಪ್ರತಿಯನ್ನು. ಮೂಲದ ಉದ್ದ 126 ನಿಮಿಷ. ಕೈಕಾಲು ಕತ್ತರಿಸಿದ ಮೂರ್ತಿಯನ್ನು ನೋಡಿ ಶಿಲ್ಪಿಗೆ ಪ್ರಮಾಣಜ್ಞಾನವಿಲ್ಲವೆಂದರೆ ಆ ಮಾತು ಶಿಲ್ಪಿಗೆ ಹತ್ತುವುದಿಲ್ಲ.

ನನಗೆ ಬೇರೊಂದು ಬಗೆಯ ಪ್ರೇಕ್ಷಕರ ಅಭಿಪ್ರಾಯ ಬೇಕಾಗಿತ್ತು. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿಗಳಲ್ಲಿ ಮಿತ್ರರ ಮನೆಗಳಲ್ಲೇ ಎಂಟು ಹತ್ತು ಜನ ಕೂಡಿ ಪೂರ್ತಿ ಪ್ರತಿಯನ್ನು ನೋಡಿದೆವು. ಮಾತು ಜಪಾನೀ, ಅಡಿಯಲ್ಲಿ ಇಂಗ್ಲಿಷ್ ಬರಹ. ನಡುನಡುವೆ ನಾನು ಕನ್ನಡದಲ್ಲಿ ಹೇಳುತ್ತಿದ್ದೆ. ಈ ಮೂರು ಊರುಗಳನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ನಗರವಾಸಿಗಳಾದ ನಮಗೆ ಉಗಿಯಂತ್ರವೆಂದರೆ ವಸ್ತುಸಂಗ್ರಹಾಲಯದಲ್ಲಿ ಬಣ್ಣ ಬಳಿದು ನಿಲ್ಲಿಸಿದ ಹಳೆಯ ರೈಲಿನ ಎಂಜಿನ್ನು. ಅಲ್ಲಿ ಹಾಗಲ್ಲ. ಆಳಂದ ತಾಲೂಕಿನ ಭೂಸನೂರು, ಅಫಜಲಪುರ ತಾಲೂಕಿನ ಹವಳಗಾ, ಹಿಂದೆ ಜೇವರ್ಗಿ ತಾಲೂಕಿನಲ್ಲಿದ್ದ ಮಳ್ಳಿ-ನಾಗರಹಳ್ಳಿ, ಮೂರು ಕಡೆಯೂ ಸಕ್ಕರೆ ಕಾರ್ಖಾನೆಗಳುಂಟು. ಕಬ್ಬು ನುರಿಸುವ ಹಂಗಾಮು ಬಂತೆಂದರೆ ಸಿಪ್ಪೆಯೇ ಉರುವಲಾಗಿ ಬಾಯ್ಲರ್ ಹೊತ್ತುತ್ತದೆ, ನೀರು ಉಗಿಯಾಗುತ್ತದೆ, ಆ ಉಗಿ ಟರ್ಬೈನನ್ನು ತಿರುಗಿಸಿ, ಮುಂದೆ ಕಬ್ಬಿನ ಹಾಲನ್ನೂ ಕಾಯಿಸುತ್ತದೆ. ಉಗಿಯ ಯುಗ ಮುಗಿದಿದೆಯೆಂದು ಯಾರೂ ಅವರಿಗೆ ಹೇಳಿಲ್ಲ.

ಆಳಂದದಲ್ಲಿ ನಿವೃತ್ತ ಉಪಾಧ್ಯಾಯರೊಬ್ಬರು ಇತಿಹಾಸದ ಪ್ರಶ್ನೆ ಎತ್ತಿದರು. ಚಿತ್ರದಲ್ಲಿ ರಾಬರ್ಟ್ ಸ್ಟೀಫನ್‌ಸನ್ ಎಂಬ ಪ್ರಸಿದ್ಧ ಎಂಜಿನಿಯರು ಬರುತ್ತಾನಲ್ಲ, ಆತ ತೀರಿದ್ದು 1859ರಲ್ಲಿ. ಲಂಡನ್ನಿನ ಹೆಸರಾಂತ ಮಹಾಪ್ರದರ್ಶನ ನಡೆದದ್ದು 1851ರಲ್ಲಿ. 1866ರಲ್ಲಿ ಇವೆರಡೂ ಹೇಗೆ ಬಂದವು? ಪ್ರಶ್ನೆ ಸರಿಯಾದದ್ದೇ. ಆದರೆ ‘ಹೀಗಾಗಿದ್ದರೆ’ ಎಂದು ಆರಂಭಿಸಿದ ಕಥೆಗೆ ಪಂಚಾಂಗದ ಸಾಕ್ಷಿ ಕೇಳುವುದು ಬಯಲಾಟದ ಭೀಮನಿಗೆ ಜನ್ಮದಾಖಲೆ ಕೇಳಿದ ಹಾಗೆ. ಕಾಲದೋಷಕ್ಕಿಂತ ಆ ಪಾತ್ರದಿಂದ ಏನು ಸಾಧಿಸಿದ್ದಾರೆಂಬುದು ಮುಖ್ಯ. ಸಜ್ಜನನಂತೆ ಬರುವ ಈ ಸ್ಟೀಫನ್‌ಸನ್ ಕೂಡ ಗೋಲ ಕೈಗೆ ಸಿಕ್ಕೊಡನೆ ತನ್ನ ಸರ್ಕಾರಕ್ಕಾಗಿ ಆಯುಧಗಳನ್ನೇ ಹೊರಡಿಸುತ್ತಾನೆ. ವ್ಯಾಪಾರಿಯೂ ಸಾಮ್ರಾಜ್ಯವೂ ಒಂದೇ ತಟ್ಟೆಯಲ್ಲಿ ಉಣ್ಣುವವರೆಂದು ಒಟೊಮೊ ಹೀಗೆ ಸದ್ದಿಲ್ಲದೆ ತೋರಿಸುತ್ತಾರೆ. ಕಥೆಯಲ್ಲಿ ಹುರುಳಿಲ್ಲವೆನ್ನುವವರು ಈ ಭಾಗವನ್ನು ಇನ್ನೊಮ್ಮೆ ನೋಡಬೇಕು.

ಅಫಜಲಪುರದ ಗುಂಪಿನಲ್ಲಿ ಬಾಯ್ಲರಿನ ಬಳಿ ಪಾಳಿ ಮಾಡಿದ ಕಾರ್ಮಿಕರೊಬ್ಬರಿದ್ದರು. ಆರಂಭದಲ್ಲಿ ಗಿರಣಿಯ ಉಗಿಯಂತ್ರ ಒತ್ತಡ ಮೀರಿ ನಡುಗುವ ದೃಶ್ಯ ಬಂದಾಗ ಅವರು ಕುಳಿತಲ್ಲೇ ಮುಂದಕ್ಕೆ ಬಾಗಿದರು. ಚಿತ್ರ ಮುಗಿದ ಮೇಲೆ ಅವರೆಂದ ಮಾತು ಇದು: “ಬಾಯ್ಲರ್ ಅಂದ್ರ ಹುಲಿ ಇದ್ದಂಗ್ರಿ. ಮೀಟರಿನ ಮುಳ್ಳು ಕೆಂಪಿಗಿ ಹೋತಂದ್ರ ನಮ್ಮ ಎದಿ ಹಾರ್ತದ. ಅದನ್ನ ಈ ಮಂದಿ ಖರೇನೇ ತೋರ್ಸ್ಯಾರ. ಆದ್ರ ಅಷ್ಟು ದೊಡ್ಡ ಕ್ವಾಟಿಗಿ ಪಾಳಿ ಮಾಡೋರು ಎಷ್ಟು ಮಂದಿ, ಅವರ ಮನಿ ಎಲ್ಲದ, ಅದು ಬಿದ್ದಾಗ ಅವರ ಗತಿ ಏನಾತು, ಒಂದೂ ಹೇಳ್ಲಿಲ್ಲ ನೋಡ್ರಿ.”

ಈ ಚಿತ್ರದ ಮೇಲೆ ನಾನು ಓದಿದ ಯಾವ ವಿಮರ್ಶೆಯಲ್ಲೂ ಇಷ್ಟು ನೇರವಾದ ಮಾತು ನನಗೆ ದೊರೆತಿರಲಿಲ್ಲ. ‘ಪಾತ್ರಗಳಿಗೆ ಒಳಬಾಳಿಲ್ಲ’ ಎನ್ನುವ ವಿಮರ್ಶಕರ ದೃಷ್ಟಿ ರೇ, ಎಡ್ಡಿ, ಓಹಾರಾ ಮನೆತನದ ಗರ್ವಿಷ್ಠ ಹುಡುಗಿ ಸ್ಕಾರ್ಲೆಟ್ ಇವರಿಂದಾಚೆಗೆ ಹೋಗುವುದಿಲ್ಲ. ಈ ಕಾರ್ಮಿಕರ ದೃಷ್ಟಿ ಯಂತ್ರದ ಹೊಟ್ಟೆಯೊಳಗೆ ಇಳಿಯಿತು.

ಜೇವರ್ಗಿಯಲ್ಲಿ ಪ್ರೌಢಶಾಲೆಯ ಹುಡುಗಿಯೊಬ್ಬಳು ಹೇಳಿದ್ದು ಇನ್ನೂ ಚಿಕ್ಕ ಮಾತು: “ಅಜ್ಜ ಅಪ್ಪ ಇಬ್ಬರೂ ಜಗಳಾನೇ ಆಡ್ತಾರ. ಹುಡುಗಗ ಏನು ಬೇಕಂತ ಯಾರೂ ಕೇಳಂಗಿಲ್ಲ.” ರೇಗೆ ಒಳಬಾಳಿಲ್ಲವೆಂಬ ದೂರಿಗೆ ಉತ್ತರ ಇದರಲ್ಲಿಯೇ ಇದೆ. ದೊಡ್ಡವರ ವಾದದ ಕೆಳಗೆ ಹುಡುಗನ ಬಾಯಿ ಕಟ್ಟಿಹೋಗಿರುವುದೇ ಇಲ್ಲಿಯ ಕಥೆ. ಒಟೊಮೊ ಅದನ್ನು ಇನ್ನಷ್ಟು ಬಿಡಿಸಿ ಹೇಳಬಹುದಾಗಿತ್ತೆಂಬುದೂ ನಿಜ.

ನಮ್ಮ ಜನ ದೃಶ್ಯವೈಭವಕ್ಕೆ ಮರುಳಾಗುವುದಿಲ್ಲವೆಂದಲ್ಲ. ಗುಬ್ಬಿ ವೀರಣ್ಣನವರ ಕಂಪನಿ ‘ಕುರುಕ್ಷೇತ್ರ’ ನಾಟಕದಲ್ಲಿ ಆನೆ ಕುದುರೆಗಳನ್ನೇ ರಂಗಕ್ಕೆ ತಂದಾಗ ಜನ ಮುಗಿಬಿದ್ದು ನೋಡಿದರು. ಹೊಂಬಾಳೆ ಸಂಸ್ಥೆಯವರು 2025ರ ಜುಲೈನಲ್ಲಿ ಅರ್ಪಿಸಿದ ‘ಮಹಾವತಾರ ನರಸಿಂಹ’ ಎಂಬ ಆನಿಮೇಷನ್ ಚಿತ್ರಕ್ಕೆ ದೊಡ್ಡವರೇ ಮಕ್ಕಳ ಕೈ ಹಿಡಿದು ಹೋದರು. ಆನಿಮೇಷನ್ ಎಂದರೆ ಹುಡುಗಾಟಿಕೆ ಎಂಬ ಭ್ರಮೆ ಅಲ್ಲಿಗೆ ಸಡಿಲಿತು. ಆದರೆ ಇವೆರಡರಲ್ಲೂ ಕಥೆ ಮೊದಲೇ ಜನರ ಎದೆಯಲ್ಲಿತ್ತು. ಇನ್ನೊಂದು ಕಡೆ, ರಾಜಣ್ಣ ಜೇವರ್ಗಿಯವರ ‘ಕುಂಟಕೋಣ ಮೂಕಜಾಣ’ ನಾಟಕ ಜಾತ್ರೆಯಿಂದ ಜಾತ್ರೆಗೆ ಜನ ಸೇರಿಸಿದ್ದು ಪರದೆಗಳ ಬಲದಿಂದಲ್ಲ, ಮಾತಿನ ಬಲದಿಂದ. ಕಣ್ಣಿಗೂ ಕಿವಿಗೂ ಬೇರೆ ಬೇರೆ ಅಳತೆಗೋಲುಗಳನ್ನು ಇಟ್ಟುಕೊಂಡ ಪ್ರೇಕ್ಷಕವರ್ಗ ಇದು. ಅವರ ತೀರ್ಪನ್ನು ಹಳ್ಳಿಗರ ಮಾತೆಂದು ತಳ್ಳಿಹಾಕುವಂತಿಲ್ಲ.

ಬಾಯ್ಲರಿನ ಕಾರ್ಮಿಕರ ಪ್ರಶ್ನೆಯನ್ನೇ ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ಯಬಹುದು. ಮ್ಯಾಂಚೆಸ್ಟರಿನ ಗಿರಣಿಯಲ್ಲಿ ಕದಿರುಗಳು ತಿರುಗುವುದನ್ನು ಒಟೊಮೊ ಕಣ್ಣು ತಣಿಯುವಂತೆ ಬರೆದಿದ್ದಾರೆ. ಆ ಕದಿರಿಗೆ ಹತ್ತಿ ಎಲ್ಲಿಂದ ಬಂತು? 1861ರಿಂದ 1865ರವರೆಗೆ ಅಮೆರಿಕದ ಅಂತರ್ಯುದ್ಧದಿಂದಾಗಿ ಅಲ್ಲಿಯ ಹತ್ತಿ ನಿಂತುಹೋಗಿ, ಇಂಗ್ಲೆಂಡಿನ ಗಿರಣಿಗಳು ಹಿಂದುಸ್ಥಾನದ ಹತ್ತಿಯ ಕಡೆ ಕೈ ಚಾಚಿದವು. ದಖ್ಖನದ ಎರೆಭೂಮಿಯ ಬೆಳೆಗೆ ಎಂದೂ ಕಾಣದ ಬೆಲೆ ಬಂದು, ಯುದ್ಧ ಮುಗಿದೊಡನೆ ಇಳಿಯಿತು. ಚಿತ್ರದ ಕಥೆ ನಡೆಯುವ 1866ರಲ್ಲಿ ಬ್ರಿಟಿಷರ ಉಗಿಬಂಡಿ ಆಳಂದಕ್ಕೆ ಸಮೀಪದ ಸೊಲ್ಲಾಪುರದಲ್ಲಿ ಬಂದು ನಿಂತಿತ್ತು. ನಿಜಾಮರ ಸೀಮೆಯನ್ನು ಹಾದು ಅದು ರಾಯಚೂರು ಮುಟ್ಟಿದ್ದು 1871ರಲ್ಲಿ. ಲಂಡನ್ನಿನ ಕೋಟೆಗೂ ಭೀಮೆಯ ದಡಕ್ಕೂ ನಡುವೆ ಈ ಕಬ್ಬಿಣದ ಹಳಿ ಇತ್ತೆಂಬುದನ್ನು ಚಿತ್ರ ನೆನೆಯುವುದೇ ಇಲ್ಲ. ವಿಜ್ಞಾನ ಯಾರದೆಂಬ ಪ್ರಶ್ನೆಯನ್ನು ಅದು ಒಂದು ಮನೆತನದ ಜಗಳವನ್ನಾಗಿ ಮಾಡಿ ಮುಗಿಸಿಬಿಡುತ್ತದೆ.

ಆದ್ದರಿಂದ ನನ್ನ ಅಭಿಪ್ರಾಯ ರೂಢಿಯ ತೀರ್ಪಿಗಿಂತ ಬೇರೆ. ‘ಸ್ಟೀಮ್‌ಬಾಯ್’ ಚಿತ್ರಕ್ಕೆ ಕಥೆಯಿದೆ, ಅದು ಹಗುರವಾದ ಕಥೆಯೂ ಅಲ್ಲ. ದೋಷವಿರುವುದು ಕಥೆಗೂ ಕಲೆಗಾರನ ಮನಸ್ಸಿಗೂ ಇರುವ ವಿರಸದಲ್ಲಿ. ಬಾಯಿಂದ ಚಿತ್ರ ಅಜ್ಜನ ಪಕ್ಷ. ಕೈಯಿಂದ ತಂದೆಯ ಪಕ್ಷ. ಜನರ ಸುಖಕ್ಕಾಗಿ ವಿಜ್ಞಾನವೆಂದು ಹೇಳುತ್ತಲೇ, ಒಂದೊಂದು ತಿರುಪು, ಒಂದೊಂದು ಕೊಳವೆಯನ್ನು ಹತ್ತು ವರ್ಷ ಕುಳಿತು ಪ್ರೀತಿಯಿಂದ ಬರೆದ ಕೈ, ಲಂಡನ್ನಿನ ಬೀದಿಯಲ್ಲಿ ದಿಕ್ಕೆಟ್ಟು ಓಡುವ ಜನರಿಗೆ ಒಂದು ಮುಖ ಕೊಡಲು ಬಿಡುವು ಮಾಡಿಕೊಳ್ಳಲಿಲ್ಲ. ಕೊನೆಯ ಧ್ವಂಸಕಾಂಡ ದೀರ್ಘವೆನಿಸುವುದೂ ಅದಕ್ಕೇ. ಬೀಳುವುದು ಯಾರ ಮೇಲೆಂದು ತಿಳಿಯದೆ ಹೋದರೆ ಎಷ್ಟು ದೊಡ್ಡ ಕೋಟೆ ಬಿದ್ದರೂ ಅದು ಬರಿಯ ಸದ್ದು.

ಇದೇ ಜಪಾನಿನ ಹಯಾವೊ ಮಿಯಾಜಾಕಿ 1986ರಲ್ಲಿ ಮಾಡಿದ ‘ಲಾಪುಟಾ’ ಚಿತ್ರದಲ್ಲೂ ಆಕಾಶದ ಕೋಟೆಯಿದೆ, ವಾಯುನೌಕೆಗಳಿವೆ, ಸೈನ್ಯವಿದೆ. ಆದರೆ ಅಲ್ಲಿ ಗಣಿಕೆಲಸದ ಊರಿನ ಜನ ತಮ್ಮ ಹುಡುಗನ ಪರವಾಗಿ ತೋಳು ಮಡಚಿ ಬೀದಿಗಿಳಿಯುತ್ತಾರೆ. ಮನುಷ್ಯರು ತೊರೆದುಹೋದ ತೋಟವನ್ನು ಒಂದು ಮುದಿ ಯಂತ್ರಮಾನವ ನೋಡಿಕೊಂಡಿರುತ್ತದೆ. ಯಂತ್ರ ಯಾರಿಗಾಗಿ ಎಂಬ ಪ್ರಶ್ನೆಗೆ ಅಲ್ಲಿ ಭಾಷಣದ ಅಗತ್ಯ ಬೀಳಲಿಲ್ಲ. ಪ್ರೇಕ್ಷಕರು ಅದನ್ನು ಹೆಚ್ಚು ಪ್ರೀತಿಸಿದ್ದರೆ ಆಶ್ಚರ್ಯವೇನು?

ಹಾಗೆಂದು ‘ಸ್ಟೀಮ್‌ಬಾಯ್’ ಬಿಟ್ಟುಬಿಡುವ ಚಿತ್ರವಲ್ಲ. ವಾಚಕರು ಅವಕಾಶ ದೊರೆತಾಗ 126 ನಿಮಿಷಗಳ ಪೂರ್ತಿ ಪ್ರತಿಯನ್ನೇ, ಮನೆಯ ಮಕ್ಕಳನ್ನೂ ಕೂಡಿಸಿಕೊಂಡು ನೋಡಬೇಕು. ಉಗಿ, ಹಬೆ, ಮಸಿ, ಬೆವರುವ ಕಬ್ಬಿಣ ಇವನ್ನು ಗೆರೆಗಳಲ್ಲಿ ಇಷ್ಟು ಜೀವಂತವಾಗಿ ಮೂಡಿಸಿದ್ದು ಸಾಮಾನ್ಯ ಸಾಧನೆಯಲ್ಲ. ನೋಡಿದ ಮೇಲೆ ‘ಚಿತ್ರ ಚೆನ್ನ, ಕಥೆ ಸುಮಾರು’ ಎಂದು ಎದ್ದುಬಿಡುವ ಬದಲು, ಪಾಳಿಯವರ ಮನೆ ಎಲ್ಲಿತ್ತೆಂದು ಒಮ್ಮೆ ಕೇಳಿಕೊಳ್ಳಲಿ. ಈ ಒಂದು ಚಿತ್ರಕ್ಕಷ್ಟೇ ಅಲ್ಲ, ನಾಳೆ ಕನ್ನಡದಲ್ಲಿ ಇಂಥ ಚಿತ್ರ ಮಾಡಹೊರಡುವವರಿಗೂ ಆ ಪ್ರಶ್ನೆ ಉಪಯೋಗಕ್ಕೆ ಬಂದೀತು.