ಕೆಮ್ಮಣ್ಣಿನ ಕಾರಣೆ

ಸಿಂಧನೂರಿನ ಬಣ್ಣದ ಅಂಗಡಿಯಲ್ಲಿ ಶೇಡ್ ಕಾರ್ಡು ತಿರುವಿ ಹಾಕುತ್ತಿದ್ದಾಗ ನನ್ನ ಬೆರಳು ಒಂದು ಚೌಕದ ಮೇಲೆ ನಿಂತಿತು. ಹೆಸರು ‘ಟೆರ್ರಾಕೋಟಾ’. ಇಟಲಿಯವರ ಮಾತು, ಅರ್ಥ, ಸುಟ್ಟ ಮಣ್ಣು. ಅಂದರೆ ನಮ್ಮ ಹಂಚು, ಗಡಿಗೆ, ಹಣತೆಯ ಬಣ್ಣ. ಮಸ್ಕಿ ಹತ್ತಿರದ ತವರಿನಲ್ಲಿ ಅವ್ವ ಗೋಡೆಯ ಬುಡಕ್ಕೆ ಬಳಿಯುತ್ತಿದ್ದ ಕೆಮ್ಮಣ್ಣೂ ಇದೇ ಬಳಗದ್ದು. ಆಗ ಅದನ್ನು ಬಡತನದ ಗುರುತೆಂದು ನಾಚಿಕೊಂಡವಳು, ಈಗ ಡಬ್ಬಿಗೆ ದುಡ್ಡು ತೆತ್ತು ತಂದೆ. ಪಡಸಾಲೆಯ ನಾಲ್ಕೂ ಗೋಡೆಗೆ ನೆಲದಿಂದ ಸೂರಿನ ತನಕ ಬಳಿಸಿದೆ.

ಲಿಂಗಸುಗೂರಿನಿಂದ ಬಂದ ಅತ್ತೆ ಹೊಸ್ತಿಲಲ್ಲೇ ನಿಂತರು. “ಏನವಾ, ನಡು ಮಧ್ಯಾಹ್ನ ಲೈಟ್ ಹಾಕ್ಕೊಂಡು ಕುಂತೀಯಲ್ಲ?” ಅಂದರು. ಅಷ್ಟರಲ್ಲೇ ವಿಮರ್ಶೆ ಮುಗಿದಿತ್ತು. ನಾನು ಬರೆಯುತ್ತಿರುವುದು ಅದಕ್ಕೆ ಟಿಪ್ಪಣಿ.

ತಪ್ಪು ಬಣ್ಣದ್ದಲ್ಲ. ಈ ಸೀಮೆಗೆ ಅದು ಹಳೆಯ ನೆಂಟ. ಮಸ್ಕಿ ಎಂದೊಡನೆ 1915ರಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನ ನೆನಪಾಗುತ್ತದೆ. ಅದೇ ಮಸ್ಕಿಯಲ್ಲಿ 1954ರಲ್ಲಿ ಬಿ. ಕೆ. ಥಾಪರ್ ಅವರು ಉತ್ಖನನ ನಡೆಸಿದಾಗ ಕಪ್ಪು-ಕೆಂಪು ಮಡಕೆಗಳ ಚೂರುಗಳು ಸಿಕ್ಕವು. ಗಂಗಾವತಿ ಬಳಿಯ ಹಿರೇಬೆಣಕಲ್ಲಿನ ಕಲ್ಲಾಸರೆಗಳಲ್ಲಿ ಕೆಂಪು ಬಣ್ಣದಲ್ಲಿ ಬಿಡಿಸಿದ ಚಿತ್ರಗಳಿವೆ. ಮಣ್ಣಿನೊಳಗಿನ ಕಬ್ಬಿಣ ಕೊಡುವ ಕೆಂಪು ಅದು, ಸುಲಭಕ್ಕೆ ಮಾಸುವುದಿಲ್ಲ.

ಅವ್ವನ ಮನೆಯಲ್ಲಿ ಅದಕ್ಕೊಂದು ಜಾಗವಿತ್ತು. ಮೇಲೆ ಸುಣ್ಣದ ಬಿಳುಪು, ಕೆಳಗೆ ಮೊಳಕಾಲೆತ್ತರ ಕೆಮ್ಮಣ್ಣು, ನಡುವೆ ಒಂದು ಗೆರೆ. ಸಾರಣೆ-ಕಾರಣೆ ಎನ್ನುತ್ತಿದ್ದರು. ಅದನ್ನು ಬರಿಯ ಚೆಂದವೆಂದು ತಿಳಿದಿದ್ದೆ. ಆದರೆ ಆ ಮನೆಗಳಿಗೆ ಬೆಳಕು ಬರುತ್ತಿದ್ದುದು ಮಾಳಿಗೆಯ ಬೆಳಕಿಂಡಿಯಿಂದ, ಒಂದೆರಡು ಸಣ್ಣ ಕಿಟಕಿಯಿಂದ. ಬಿದ್ದ ಚೂರು ಬೆಳಕನ್ನು ಸುಣ್ಣದ ಗೋಡೆ ಮನೆಗೆಲ್ಲ ಹಂಚುತ್ತಿತ್ತು. ಕೆಳಗಿನ ಕೆಂಪು, ಮಳೆಯ ರಾಡಿ, ಮಕ್ಕಳ ಕಾಲು, ಒರಗಿದವರ ತಲೆಯ ಎಣ್ಣೆ ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಳ್ಳುತ್ತಿತ್ತು. ನಾನು ಕೊಂಡದ್ದು ಬಣ್ಣವನ್ನಷ್ಟೇ. ಅದರ ಜಾಗವನ್ನು ಕೇಳಲೇ ಇಲ್ಲ. ಬಿಸಿಲು 40 ಡಿಗ್ರಿ ದಾಟುವ ನಮ್ಮೂರಿನಲ್ಲಿ ಬೇಸಿಗೆಯ ಹಗಲು ಕಿಟಕಿ ಮುಚ್ಚಿಕೊಂಡೇ ಕೂಡಬೇಕು. ಒಳಗೆ ಉಳಿದ ಬೆಳಕನ್ನೂ ನನ್ನ ಕೆಂಪು ಗೋಡೆಗಳು ನುಂಗಿಬಿಟ್ಟವು.

ಮಳೆಗಾಲದಲ್ಲಿ ಇನ್ನೊಂದು ಪಾಠವಾಯಿತು. ಬಚ್ಚಲಿಗೆ ತಾಗಿದ ಗೋಡೆಯ ಬಣ್ಣ ಗುಳ್ಳೆಯೆದ್ದು ಹಪ್ಪಳದಂತೆ ಸುಲಿಯಿತು. ಸುಣ್ಣ ಬಳಿದ ಗೋಡೆಯಿಂದ ತೇವ ಆರಿ ಹೋಗಲು ದಾರಿಯಿರುತ್ತದೆ. ಡಬ್ಬಿಯ ಬಣ್ಣ ಪೊರೆ ಕಟ್ಟಿ ಆ ದಾರಿಯನ್ನು ಮುಚ್ಚುತ್ತದೆ. ತೇವ ಬರುವ ದಾರಿಯನ್ನು ಮೊದಲು ಸರಿಮಾಡದೆ ಎಂಥ ಬಣ್ಣ ಬಳಿದರೂ ದಂಡವೇ.

ಹಾಗೆಂದು ಹಳೆಯದನ್ನೆಲ್ಲ ಹೊಗಳುವ ಮನಸ್ಸು ನನಗಿಲ್ಲ. ಪ್ರತಿ ಹಬ್ಬಕ್ಕೂ ಮುಂಚೆ ಸಂತೆಯಿಂದ ಕೆಮ್ಮಣ್ಣಿನ ಹೆಂಟೆ ತಂದು ನೆನೆಹಾಕಿ, ಸುಣ್ಣ ಕಲಸಿ, ಏಣಿ ಹತ್ತಿ ಬಳಿಯುತ್ತಿದ್ದವಳು ಅವ್ವ ಒಬ್ಬಳೇ. ಸುಣ್ಣ ತಿಂದ ಅವಳ ಬೆರಳುಗಳಿಗೆ ಹಬ್ಬದ ದಿನ ಹೋಳಿಗೆ ತಟ್ಟುವಾಗ ಉರಿ. ನಾಲ್ಕಾರು ವರ್ಷ ತಾಳುವ ಬಣ್ಣ ಬಂದದ್ದು ಹೆಣ್ಣುಮಕ್ಕಳಿಗೆ ದೊಡ್ಡ ಬಿಡುಗಡೆ, ಅದನ್ನು ಬಿಟ್ಟುಕೊಡಲಾರೆ. ನನ್ನ ತಕರಾರು ಇಷ್ಟೇ: ಅವ್ವನ ದುಡಿಮೆ ಬೇಡವೆಂದು ಅವಳ ಬುದ್ಧಿಯನ್ನೂ ತಿಪ್ಪೆಗೆ ಎಸೆದೆವು. ಅವಳು ಬಳಿದಾಗ ಅದು ಹಳ್ಳಿಗಾಡು, ಕಾರ್ಡಿನಲ್ಲಿ ಅಚ್ಚಾದಾಗ ಅಭಿರುಚಿ!

ನಿಮಗೂ ಈ ಬಣ್ಣದ ಆಸೆಯಿದ್ದರೆ ಧಾರಾಳವಾಗಿ ಬಳಿಸಿ. ಆದರೆ ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಕಾರ್ಡು ನೋಡಿ ನಿರ್ಧರಿಸಬೇಡಿ. ಸಣ್ಣ ಡಬ್ಬಿ ತಂದು, ದಿನಪತ್ರಿಕೆಯ ಹಾಳೆಯಷ್ಟು ಜಾಗಕ್ಕೆ ಬಳಿದು, ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ದೀಪದಲ್ಲಿ ಎರಡು ದಿನ ನೋಡಿ. ಕತ್ತಲೆ ಕೋಣೆಯಾದರೆ ಗೋಡೆಯ ಬುಡಕ್ಕಷ್ಟೇ ಸಾಕು. ದೊಡ್ಡ ಕಿಟಕಿಯಿದ್ದರೆ ಅದರ ಎದುರಿನ ಗೋಡೆಗೆ ಪೂರ್ತಿ ಒಪ್ಪುತ್ತದೆ.

ನಾನು ಮತ್ತೆ ಖರ್ಚು ಮಾಡಿ ಮೇಲೆಲ್ಲ ಬಿಳಿ ಬಳಿಸಿದೆ. ಮೊಳಕಾಲೆತ್ತರ ಮಾತ್ರ ಕೆಂಪು ಉಳಿಸಿಕೊಂಡೆ. ಮುಂದಿನ ಸಲ ಬಂದ ಅತ್ತೆ ಚೀಲ ಕೆಳಗಿಟ್ಟು ಸುತ್ತ ನೋಡಿದರು. “ಈಗ ಮನಿ ಹಂಗ ಕಾಣ್ತದ ನೋಡು. ಗೆರಿ ಮಾತ್ರ ಸೊಟ್ಟ ಆಗ್ಯಾದ.”